ತಿರುಗದ ಚಾವಿ, ಹುಣಸೆ ಬೀಜ ಮತ್ತು ಸ್ಟಿಯರಿಂಗ್ ಲಾಕ್

ಏಪ್ರಿಲ್ 5, 2025, ಶನಿವಾರ

ಖಡೇ ಬಜಾರ್‌ನಲ್ಲಿ ಸಾಮಾನು ತಗೊಂಡು ಬಂದು ಕಾರಿನಲ್ಲಿ ಕೂತೆ. ಚಾವಿ ಹಾಕಿದೆ, ತಿರುಗಲಿಲ್ಲ. ಮುಂದಿನ ಚಕ್ರ ಒಂದು ಕಡೆಗೆ ಎಳೆದುಕೊಂಡು ನಿಂತಿದ್ದರೆ ಲಾಕಿನ ಪಿನ್ ಬಿಗಿಯಾಗಿ ಹೀಗಾಗುತ್ತದೆ. ಅದಕ್ಕೆ ಸ್ಟಿಯರಿಂಗ್ ಎಡಕ್ಕೆ ಬಲಕ್ಕೆ ಅಲ್ಲಾಡಿಸುತ್ತಾ ಚಾವಿ ತಿರುಗಿಸಿದೆ. ಆಗಲೂ ಇಲ್ಲ. ಹಿಂದಿನ ಆಟೋದವರು ಹಾರ್ನ್ ಮೇಲೆ ಹಾರ್ನ್. ಚಾವಿಯನ್ನು ಅರ್ಧ ಮಿಲಿಮೀಟರ್ ಹೊರಗೆಳೆದು, ಮೇಲಕ್ಕೊತ್ತಿ, ಬೈದು, ಬೇಡಿಕೊಂಡು, ಇಪ್ಪತ್ತು ನಿಮಿಷ ಆದ ಮೇಲೆ ಹೇಗೋ ತಿರುಗಿತು.

ಅನಗೋಳದ ಮನೆ ಮುಟ್ಟುವವರೆಗೂ ಚಾವಿ ಮುಟ್ಟಲಿಲ್ಲ. ಕಾಂಪೌಂಡ್ ಒಳಗೆ ಚಕ್ರ ನೇರ ಮಾಡಿ ನಿಲ್ಲಿಸಿ, ಚಾವಿಯನ್ನು ಎಸಿಸಿ (ಎಂಜಿನ್ ಬಂದ್, ಆದರೆ ಸ್ಟಿಯರಿಂಗ್ ಲಾಕ್ ಆಗದ ಗುರುತು) ತನಕ ಮಾತ್ರ ತಂದು ಅಲ್ಲೇ ಬಿಟ್ಟೆ. ಹೊರಗೆ ತೆಗೆದರೆ ಮತ್ತೆ ಸ್ಟಿಯರಿಂಗ್ ಲಾಕ್ ಆಗಿ ಕೂರುತ್ತದೆ, ಆಮೇಲೆ ಯಾವ ದೇವರೂ ತಿರುಗಿಸಿ ಕೊಡಲ್ಲ ಅಂತ ಭಯ. ಎಸಿಸಿಯಲ್ಲಿ ರಾತ್ರಿಯೆಲ್ಲಾ ಬಿಟ್ಟರೆ ಬ್ಯಾಟರಿ ಇಳಿಯುತ್ತದೆ, ಹಾಗಾಗಿ 10 ನಂಬರ್ ಪಾನಾ ಹಿಡಿದು ಬ್ಯಾಟರಿಯ ಮೈನಸ್ ತಂತಿ ಬಿಚ್ಚಿದೆ. ಗೇಟಿಗೆ ಎರಡು ಕೀಲಿ ಜಡಿದೆ.

ಗಾಡಿಯ ಜಾತಕ: 2011ರ ಸಣ್ಣ ಕಾರು, 94,000 ಕಿಲೋಮೀಟರ್, ಚಾಲಕನಿಗೊಂದು ಏರ್‌ಬ್ಯಾಗ್, ಚಾವಿಯ ತಲೆಯಲ್ಲಿ ಕಳ್ಳತನ ತಡೆಯುವ ಚಿಪ್.

ತಪ್ಪು ನಂಬರ್ 1 ಇಲ್ಲೇ ಬರೆದುಬಿಡುತ್ತೇನೆ. ಕಳೆದ ದೀಪಾವಳಿ ಹೊತ್ತಿಗೆ ಚಾವಿ ಸ್ವಲ್ಪ ಬಿಗಿ ಅನಿಸಿತ್ತು. ನಾನು ಲಾಕಿನ ಬಾಯಿಗೆ ನಾಲ್ಕು ಹನಿ ಕೊಬ್ಬರಿ ಎಣ್ಣೆ ಬಿಟ್ಟಿದ್ದೆ. ನಮ್ಮ ಬೆಳಗಾವಿ ಚಳಿಯಲ್ಲಿ ಬಾಟಲಿಯೊಳಗಿನ ಎಣ್ಣೆಯೇ ಗಟ್ಟಿಯಾಗಿ ಚಮಚ ಹಾಕಿ ಕೆದಕಬೇಕು. ಅದೇ ಎಣ್ಣೆ ಲಾಕಿನೊಳಗೆ ಏನು ಮಾಡುತ್ತದೆ ಅಂತ ತಲೆಗೆ ಹೊಳೆಯಲಿಲ್ಲ. ಗಟ್ಟಿಯಾಯಿತು, ಕರಗಿತು, ಧೂಳು ಹಿಡಿದು ಅಂಟಾಯಿತು. ಲಾಕಿಗೆ ಹಾಕುವುದಾದರೆ ಒಣ ಗ್ರಾಫೈಟ್ ಪುಡಿ ಹಾಕಬೇಕಿತ್ತು. ಪೆನ್ಸಿಲ್ ಸೀಸವನ್ನೇ ಪುಡಿ ಮಾಡಿದರೂ ನಡೆಯುತ್ತಿತ್ತು.

ಏಪ್ರಿಲ್ 6, ಭಾನುವಾರ

ಒಂದು ಗ್ಯಾರೇಜಿಗೆ ಫೋನ್ ಮಾಡಿದೆ. ₹6,500, ಎರಡು ದಿನ, ಗಾಡಿ ಎಳೆದು ತರುವ ಖರ್ಚು ಬೇರೆ. ಮಾಡಿಸಬಹುದಿತ್ತು. ಆದರೆ ಬಿಚ್ಚುವ ಚಟ ಬಿಡಬೇಕಲ್ಲ.

ಬಿಡಿಭಾಗದ ಅಂಗಡಿಗೆ ಹೋಗುವಾಗ ಆರ್‌ಸಿ ಮತ್ತು ಚಾಸಿ ನಂಬರ್ ತಗೊಂಡು ಹೋದೆ. ಇದು ಮುಖ್ಯ. ಒಂದೇ ಕಾರು, ಒಂದೇ ವರ್ಷ ಆದರೂ ಚಿಪ್ ಇರುವ ಗಾಡಿಗೆ ಬೇರೆ ಲಾಕ್, ಇಲ್ಲದ್ದಕ್ಕೆ ಬೇರೆ. ಡೋರ್ ಲಾಕ್‌ಗಳೂ ಸೇರಿದ ಪೂರ್ತಿ ಸೆಟ್ ಬೇಡ, ಸ್ಟಿಯರಿಂಗ್ ಲಾಕ್ ಮಾತ್ರ ಸಾಕು ಅಂದೆ. ಎರಡು ಹೊಸ ಚಾವಿ ಜೊತೆಗೆ ₹2,350. ಹುಬ್ಬಳ್ಳಿಯಿಂದ ಬರಬೇಕು, ನಾಲ್ಕು ದಿನ ಅಂದರು.

ಲಾಕನ್ನು ಸ್ಟಿಯರಿಂಗ್ ಕಾಲಂಗೆ (ಸ್ಟಿಯರಿಂಗ್ ತಿರುಗಿಸುವ ದಂಡ, ಅಂದರೆ ಶಾಫ್ಟ್, ಇರುವ ಕೊಳವೆ) ಹಿಡಿದಿರುವ ಎರಡು ಬೋಲ್ಟ್‌ಗಳನ್ನೂ ಬರೆಸಿದೆ, ಒಂದಕ್ಕೆ ₹60. ಇವು ಸಾದಾ ಬೋಲ್ಟ್ ಅಲ್ಲ. ಬಿಗಿ ಮಾಡುತ್ತಾ ಹೋದರೆ ಒಂದು ಹಂತದಲ್ಲಿ ತಲೆಯೇ ಮುರಿದು ಬೀಳುತ್ತದೆ. ಆಮೇಲೆ ಉಳಿಯುವುದು ಪಾನಾಗೆ ಸಿಗದ ಗುಂಡು ಮೊಟಕು. ಕಳ್ಳ ಸುಲಭವಾಗಿ ಬಿಚ್ಚಬಾರದು ಅಂತ ಮಾಡಿದ್ದು. ಮಾಲೀಕನಿಗೂ ಅಷ್ಟೇ ಕಷ್ಟ ಅನ್ನುವುದು ಆಮೇಲೆ ಗೊತ್ತಾಯಿತು.

ಏಪ್ರಿಲ್ 12, ಶನಿವಾರ: ಏರ್‌ಬ್ಯಾಗ್ ಮತ್ತು ಚಕ್ರ

ಬ್ಯಾಟರಿ ಮೈನಸ್ ವಾರದಿಂದ ಬಿಚ್ಚೇ ಇತ್ತು. ಈಗ ತಾನೇ ಬಿಚ್ಚಿದ್ದರೆ ಏರ್‌ಬ್ಯಾಗ್ ಮುಟ್ಟುವ ಮುಂಚೆ ಕಾಯಲೇಬೇಕು, ಯಾಕೆಂದರೆ ಅದರ ಕಂಟ್ರೋಲ್ ಡಬ್ಬಿಯಲ್ಲಿ ಸ್ವಲ್ಪ ಹೊತ್ತು ಕರೆಂಟ್ ಉಳಿದಿರುತ್ತದೆ. ಎಷ್ಟು ಹೊತ್ತು ಅಂತ ಆಯಾ ಗಾಡಿಯ ಮ್ಯಾನುವಲ್ ಹೇಳುತ್ತದೆ. ನಾನಾಗಿದ್ದರೆ ಒಂದು ಕಪ್ ಚಹಾ ಕುಡಿದೇ ಬರುತ್ತಿದ್ದೆ. 2019ರ ಜುಲೈಗಿಂತ ಹಳೆಯ ಎಷ್ಟೋ ಕಾರುಗಳಲ್ಲಿ ಏರ್‌ಬ್ಯಾಗೇ ಇರಲ್ಲ, ಅವರಿಗೆ ಈ ಹಂತದ ತಲೆನೋವಿಲ್ಲ.

ಸ್ಟಿಯರಿಂಗ್ ಹಿಂಬದಿ ಎರಡು ಪಕ್ಕದಲ್ಲಿ ನಕ್ಷತ್ರದ ತಲೆಯ ಸ್ಕ್ರೂ. ಅದಕ್ಕೆ ಟಾರ್ಕ್ಸ್ ಬಿಟ್ ಸೆಟ್ ಬೇಕಾಯಿತು, ₹380. ಏರ್‌ಬ್ಯಾಗ್ ಹೊರಗೆ ಎತ್ತಿ ಹಳದಿ ಕನೆಕ್ಟರ್ ಬಿಡಿಸಿದೆ. ಮೈಯಿಂದ ದೂರ ಹಿಡಿದು ಒಳಗೆ ಒಯ್ದು, ಮುಖ ಮೇಲೆ ಮಾಡಿ ಟ್ರಂಕಿನ ಮೇಲೆ ಇಟ್ಟೆ. ಮುಖ ಕೆಳಗೆ ಮಾಡಿ ಇಟ್ಟಾಗ ಅದೇನಾದರೂ ಸಿಡಿದರೆ ಇಡೀ ಡಬ್ಬಿ ಸೂರಿಗೆ ಹಾರುತ್ತದೆ. ಇದರ ಮೇಲೆ ಏನೂ ಇಡಬೇಡ ಅಂತ ಅವ್ವನಿಗೆ ಎರಡು ಸಲ ಹೇಳಿದೆ. ಮಲ್ಟಿಮೀಟರ್ ಕೈಯಲ್ಲೇ ಇತ್ತು, ಆದರೆ ಏರ್‌ಬ್ಯಾಗಿನ ಪಿನ್‌ಗೆ ಮೀಟರ್ ಹಚ್ಚುವ ಕೆಲಸ ಮಾತ್ರ ಮಾಡಬಾರದು. ಮೀಟರಿನ ಸಣ್ಣ ಕರೆಂಟಿಗೂ ಅದು ಸಿಡಿಯಬಹುದು.

ಸ್ಟಿಯರಿಂಗ್ ಚಕ್ರದ ನಡುವಿನ ನಟ್ಟು 17 ನಂಬರ್. ಬಿಚ್ಚುವ ಮುಂಚೆ ಚಕ್ರಕ್ಕೂ ಶಾಫ್ಟ್‌ಗೂ ಸೇರಿ ವೈಟ್ನರ್‌ನಲ್ಲಿ ಒಂದು ಗೆರೆ ಎಳೆದೆ. ನಟ್ಟನ್ನು ಪೂರ್ತಿ ತೆಗೆಯದೆ ನಾಲ್ಕು ಸುತ್ತು ಉಳಿಸಿಕೊಂಡು ಚಕ್ರ ಜಗ್ಗಿದೆ. ಇಲ್ಲದಿದ್ದರೆ ಚಕ್ರ ಒಮ್ಮೆಲೇ ಕಿತ್ತು ಬಂದು ಮೂಗಿಗೆ ಬಡಿಯುತ್ತದೆ.

ಚಕ್ರದ ಹಿಂದೆ ಸುರುಳಿ ತಂತಿಯ ಒಂದು ಪ್ಲಾಸ್ಟಿಕ್ ಬಿಲ್ಲೆ ಇದೆ, ಏರ್‌ಬ್ಯಾಗಿಗೆ ಮತ್ತು ಹಾರ್ನಿಗೆ ಕರೆಂಟ್ ಒಯ್ಯುವಂಥದ್ದು. ಅದು ಬಿಚ್ಚಿದ ಮೇಲೆ ತಿರುಗಬಾರದು, ಜಾಸ್ತಿ ತಿರುಗಿದರೆ ಒಳಗಿನ ಪಟ್ಟಿ ಹರಿಯುತ್ತದೆ. ಕೈಗೆ ಸಿಕ್ಕ ಸೆಲ್ಲೋ ಟೇಪ್ ಹಚ್ಚಿದೆ. ತಪ್ಪು ನಂಬರ್ 2. ಅದರ ಕಥೆ ಮುಂದೆ ಬರುತ್ತದೆ.

ಇಷ್ಟಾಗುವಾಗ ಬೆಳಿಗ್ಗೆ 11. ಮ್ಯಾನುವಲ್‌ನಲ್ಲಿ ಸ್ಪಷ್ಟವಾಗಿ ಬರೆದಿದೆ: ಕಾಲಂ ಕೆಳಗಿಳಿಸಿ, ಆಮೇಲೆ ಲಾಕ್ ತೆಗೆಯಿರಿ. ನಾನು ಅದನ್ನು ಓದಿದೆ, ತಿಳಿಯಿತು, ಆದರೂ ಜಾಣತನ ತೋರಿಸಲು ಹೋದೆ. ತಪ್ಪು ನಂಬರ್ 3. ಸೀಟು ಹಿಂದಕ್ಕೆ ತಳ್ಳಿ, ತಲೆ ಬ್ರೇಕ್ ಪೆಡಲ್ ಹತ್ತಿರ, ಕಾಲು ಹಿಂದಿನ ಸೀಟಿನ ಮೇಲೆ. ಬೋಲ್ಟಿನ ಮೊಟಕಿಗೆ ಸೆಂಟರ್ ಪಂಚ್‌ನಲ್ಲಿ ಗುಳಿ ಹೊಡೆದು 3 ಎಂಎಂ ಬಿಟ್ ಹಾಕಿ ಕೊರೆಯಲು ಹೊರಟೆ. ಮಲಗಿಕೊಂಡು ಡ್ರಿಲ್ ನೇರ ಹಿಡಿಯಲು ಆಗಲ್ಲ. ಮೊದಲ ಬಿಟ್ ಜಾರಿ ತುದಿ ಮೊಂಡಾಯಿತು. ಎರಡನೆಯದು ನಾಲ್ಕು ಎಂಎಂ ಒಳಗೆ ಹೋಗಿ, ಟಿಕ್ ಅಂದು ಮುರಿದು ಅಲ್ಲೇ ಉಳಿಯಿತು. ಬಿಟ್‌ನ ಉಕ್ಕು ಬೋಲ್ಟಿಗಿಂತ ಗಟ್ಟಿ. ಅದರ ಮೇಲೆ ಇನ್ನೊಂದು ಬಿಟ್ ಏನೂ ಮಾಡಲ್ಲ. ಕಣ್ಣಿಗೆ ಕನ್ನಡಕ ಹಾಕಿದ್ದೆ, ಪುಣ್ಯ. ಬಾಯಿಗೆ ಏನೂ ಕಟ್ಟಿರಲಿಲ್ಲ, ಸಂಜೆ ತನಕ ಕಬ್ಬಿಣದ ರುಚಿ.

ಏಪ್ರಿಲ್ 13, ಭಾನುವಾರ

ತೆಪ್ಪಗೆ ಕಾಲಂ ಇಳಿಸಿದೆ. ಕೆಳಗಿನ ಜಾಯಿಂಟ್‌ಗೂ ಶಾಫ್ಟ್‌ಗೂ ವೈಟ್ನರ್ ಗೆರೆ, 12 ನಂಬರ್ ಬೋಲ್ಟ್ ಒಂದು, ಕಾಲಂ ಹಿಡಿದಿರುವ ನಟ್ಟು ನಾಲ್ಕು, ಕನೆಕ್ಟರ್ ಐದು. ಪ್ರತಿ ಕನೆಕ್ಟರ್ ಬಿಚ್ಚುವ ಮುಂಚೆ ಮೊಬೈಲ್‌ನಲ್ಲಿ ಫೋಟೋ. ಒಂದೂವರೆ ಗಂಟೆ. ನಿನ್ನೆ ನಾಲ್ಕು ಗಂಟೆ ತಲೆಕೆಳಗಾಗಿ ಮಲಗಿದ್ದು ಇದನ್ನು ಉಳಿಸಲಿಕ್ಕೆ.

ಏಪ್ರಿಲ್ 14, ಸೋಮವಾರ: ಉದ್ಯಮಬಾಗ

ಅಂಬೇಡ್ಕರ್ ಜಯಂತಿ ರಜೆ. ಉದ್ಯಮಬಾಗದಲ್ಲಿ ನನಗೆ ಪರಿಚಯದ ಒಂದು ಲೇಥ್ ಶೆಡ್ ಇದೆ, ಕಾಕಾ ಇರುತ್ತೇನೆ ಬಾ ಅಂದಿದ್ದರು. ಸ್ಕೂಟರಿನ ಕಾಲಿಡುವ ಜಾಗದಲ್ಲಿ ಲಾಕ್ ಸಮೇತ ಸ್ಟಿಯರಿಂಗ್ ಕಾಲಂ ನಿಲ್ಲಿಸಿಕೊಂಡು ಹೋಗುವವನನ್ನು ಜನ ಹೇಗೆ ನೋಡುತ್ತಾರೆ ಅಂತ ಅನುಭವಿಸಿಯೇ ತಿಳಿಯಬೇಕು. ಜೇಬಿನಲ್ಲಿ ಆರ್‌ಸಿ ಇಟ್ಟುಕೊಂಡಿದ್ದೆ.

ಕಾಕಾ ಕಾಲಂ ತಿರುಗಿಸಿ ನೋಡಿದರು.

"ಯಾರು ಕೊರದಾರ ಇದನ್ನ?"

"ನಾನ ಕಾಕಾ."

"ಬಿಟ್ ಒಳಗ ಬಿಟ್ಟ ಬಂದೀಯಲ್ಲೋ ತಮ್ಮಾ!"

ಶೆಡ್‌ನಲ್ಲಿದ್ದ ಹುಡುಗರೆಲ್ಲ ನಕ್ಕರು. ಕಾಕಾ ಕಾಲಂ ಅನ್ನು ವೈಸ್‌ಗೆ ಕಚ್ಚಿಸಿದರು. ಶಾಫ್ಟ್ ಹಿಡಿಯಲಿಲ್ಲ, ಮೇಲಿನ ಕಬ್ಬಿಣದ ಬ್ರಾಕೆಟ್ ಮಾತ್ರ ಹಿಡಿದರು, ದವಡೆಗೆ ಬಟ್ಟೆ ಸುತ್ತಿ. ಇದು ನನಗೆ ಗೊತ್ತಿರಲಿಲ್ಲ. ಅಪಘಾತದಲ್ಲಿ ಚಾಲಕನ ಎದೆಗೆ ಚುಚ್ಚಬಾರದು ಅಂತ ಕಾಲಂ ಒಳಗೆ ಕುಸಿಯುವ ಹಾಗೆ ಮಾಡಿರುತ್ತಾರಂತೆ. ಉದ್ದಕ್ಕೆ ಸುತ್ತಿಗೆ ಏಟು ಬಿದ್ದರೆ ವೈಸ್‌ನಲ್ಲೇ ಕುಸಿದು ಹೊಸ ಕಾಲಂ ತರಬೇಕು.

ಆಮೇಲೆ ಅವರು ಮಾಡಿದ್ದನ್ನು ಹತ್ತಿರದಿಂದ ನೋಡಿದೆ. ಚೂಪಾದ ಪಂಚ್ ತಗೊಂಡು ಬೋಲ್ಟಿನ ನಡುವೆ ಅಲ್ಲ, ಅಂಚಿನಲ್ಲಿ ಇಟ್ಟರು. ಮೊದಲು ನೇರವಾಗಿ ಒಂದು ಏಟು, ಗುಳಿ ಬೀಳುವಷ್ಟು. ನಂತರ ಅದೇ ಗುಳಿಯಲ್ಲಿ ಪಂಚ್ ಓರೆ ಮಾಡಿ, ಬೋಲ್ಟ್ ಬಿಚ್ಚುವ ದಿಕ್ಕಿಗೆ ಟಕ್ ಟಕ್ ಅಂತ ಸಣ್ಣ ಏಟು. ಏಳೆಂಟು ಏಟಿಗೆ ಏನೂ ಇಲ್ಲ. ಒಂಬತ್ತನೆಯದಕ್ಕೆ ಸದ್ದು ಬದಲಾಯಿತು. ಮೊದಲು ಗಟ್ಟಿ ಕಣಕಣ ಇದ್ದದ್ದು ಮೆತ್ತಗಾಯಿತು. ಕಾಕಾ ಸುತ್ತಿಗೆ ಕೆಳಗಿಟ್ಟು ಬೆರಳಲ್ಲೇ ಬೋಲ್ಟ್ ತಿರುಗಿಸಿ ತೆಗೆದರು.

"ಇದನ್ನ ಬಲ ಹಾಕಿ ತೆಗಿಯೂದಲ್ಲ. ಪುಸಲಾಯಿಸಿ ತೆಗಿಯೂದು."

ನಾನು ಬಿಟ್ ಮುರಿದಿದ್ದ ಬೋಲ್ಟ್ ಪುಸಲಾಯಿಸಿದ್ದಕ್ಕೆ ಬರಲಿಲ್ಲ. ಅದರ ಅಂಚು ಹಾರಿಹೋಯಿತು. ಬೇರಿಂಗ್ ಕಡೆಗೆ ಒದ್ದೆ ಬಟ್ಟೆ ತುರುಕಿ, ತೆಳು ಕಟಿಂಗ್ ಬಿಲ್ಲೆಯಿಂದ ಮೊಟಕಿನ ಮೇಲೆ ಒಂದು ಗೀರು ಹಾಕಿ, ದೊಡ್ಡ ಸ್ಕ್ರೂ ಡ್ರೈವರ್ ಕೂರಿಸಿ, ಅದರ ಹಿಡಿಗೆ ಪಾನಾ ಹಾಕಿ ತಿರುಗಿಸಿದರು. ಒಂದು ಗಂಟೆ ತಗೊಂಡಿತು. ದುಡ್ಡು ಬೇಡ ಅಂದರು, ₹200 ಕೈಗೆ ತುರುಕಿ ಬಂದೆ.

ಏಪ್ರಿಲ್ 16, ಬುಧವಾರ ಸಂಜೆ: ಹೊಸ ಲಾಕ್

ಹಳೆ ಲಾಕಿನ ಹಿಂದೆ ಎರಡು ಸಣ್ಣ ಸ್ಕ್ರೂನಲ್ಲಿ ಇಗ್ನಿಷನ್ ಸ್ವಿಚ್ ಇದೆ. ಅದು ಚೆನ್ನಾಗಿಯೇ ಇತ್ತು, ಹೊಸದಕ್ಕೆ ದಾಟಿಸಿದೆ. ಲಾಕಿನ ಬಾಯಿ ಸುತ್ತ ಬಳೆ ಹಾಗೆ ಒಂದು ಕಾಯಿಲ್. ಇದೇ ಚಾವಿಯೊಳಗಿನ ಚಿಪ್ ಓದುವುದು. ಅದನ್ನು ಕೀಳುವಾಗ ಒಂದು ಪ್ಲಾಸ್ಟಿಕ್ ಕಿವಿ ಮುರಿಯಿತು. ತಪ್ಪು ನಂಬರ್ 4. ಸ್ಕ್ರೂ ಡ್ರೈವರ್‌ನಿಂದ ಮೀಟುವ ಬದಲು ಎರಡು ಬೆರಳಲ್ಲಿ ಒತ್ತಬೇಕಿತ್ತು. ಉಳಿದ ಎರಡು ಕಿವಿಯ ಮೇಲೆ ಗಟ್ಟಿಯಾಗಿಯೇ ಕೂತಿದೆ, ಸದ್ಯಕ್ಕೆ.

ಹೊಸ ಬೋಲ್ಟ್ ಕೈಯಲ್ಲಿ ಮಾತ್ರ ಬಿಗಿ ಮಾಡಿದೆ. ಇಲ್ಲಿ ಅವಸರ ಮಾಡಲಿಲ್ಲ, ಈ ಇಡೀ ಕೆಲಸದಲ್ಲಿ ನಾನು ಸರಿಯಾಗಿ ಮಾಡಿದ ಒಂದೇ ಹಂತ ಇದು. ಚಾವಿ ಎಸಿಸಿಯಲ್ಲಿಟ್ಟು ಶಾಫ್ಟ್ ತಿರುಗಿಸಿದೆ, ಎಲ್ಲೂ ತಾಗಬಾರದು. ಚಾವಿ ಹೊರಗೆ ತೆಗೆದು ನಿಧಾನ ತಿರುಗಿಸಿದೆ, ಪಿನ್ ಶಾಫ್ಟಿನ ಕಚ್ಚಿನೊಳಗೆ ಬಿದ್ದು ಟಕ್ ಅನ್ನಬೇಕು. ಮತ್ತೆ ಚಾವಿ ಹಾಕಿ ಬಿಡಿಸಿದೆ. ಹೀಗೆ ಇಪ್ಪತ್ತು ಸಲ. ಚಾವಿ ಒಳಗಿರುವಾಗ ಒಮ್ಮೆಯಾದರೂ ಪಿನ್ ಹೊರಗೆ ಇಣುಕಿದರೆ ಆ ಲಾಕ್ ಹಾಕಲೇಬಾರದು. ಓಡುವ ಗಾಡಿಯಲ್ಲಿ ಸ್ಟಿಯರಿಂಗ್ ಹಿಡಿದುಕೊಂಡರೆ ಏನಾಗುತ್ತದೆ ಅಂತ ಬಿಡಿಸಿ ಹೇಳಬೇಕಾ?

ಪಕ್ಕದ ಮನೆಯ ಗೆಳೆಯ ಬಂದು, ಸುಮ್ನೆ ಸಾದಾ 8 ಎಂಎಂ ಬೋಲ್ಟ್ ಹಾಕು, ಮುಂದಿನ ಸಲ ಬಿಚ್ಚಲು ಸುಲಭ ಅಂದ. ನನಗೆ ಸುಲಭ ಆದದ್ದು ಕಳ್ಳನಿಗೂ ಸುಲಭ, ಅಲ್ವಾ? ಎರಡೂ ಬೋಲ್ಟ್‌ಗಳನ್ನು ಸರದಿಯಲ್ಲಿ ಸ್ವಲ್ಪ ಸ್ವಲ್ಪ ಬಿಗಿ ಮಾಡುತ್ತಾ ಬಂದೆ. ಮೊದಲನೆಯದರ ತಲೆ ಟಣ್ ಅಂತ ಹಾರಿ ಸ್ಟೀಲ್ ಬಕೆಟ್‌ಗೆ ಬಿತ್ತು. ಎರಡನೆಯದು ಸದ್ದಿಲ್ಲದೆ ಪಾನಾದೊಳಗೇ ಉಳಿಯಿತು. ತಲೆ ಮುರಿದ ಮೇಲೆ ಮತ್ತೆ ಇಪ್ಪತ್ತು ಸಲ ಲಾಕ್ ಪರೀಕ್ಷೆ.

ಏಪ್ರಿಲ್ 19, ಶನಿವಾರ: ಜೋಡಣೆ

ಕಾಲಂ ಮೇಲೇರಿಸಿದೆ. ಗೆರೆಗೆ ಗೆರೆ ಕೂಡಿಸಿ ಜಾಯಿಂಟ್. ನನ್ನ ಗಾಡಿಯ ಮ್ಯಾನುವಲ್ ಪ್ರಕಾರ ಕಾಲಂ ನಟ್ಟು 14, ಜಾಯಿಂಟ್ ಬೋಲ್ಟ್ 25, ಚಕ್ರದ ನಟ್ಟು 33 ನ್ಯೂಟನ್ ಮೀಟರ್. ಎಷ್ಟು ಬಿಗಿ ಆಯಿತು ಅಂತ ಅಳೆಯುವ ಟಾರ್ಕ್ ಪಾನಾ ಕಾಕಾ ಹತ್ತಿರ ಕೇಳಿ ತಂದಿದ್ದೆ. ನಿಮ್ಮ ಗಾಡಿಗೆ ನಿಮ್ಮ ಮ್ಯಾನುವಲ್ ನೋಡಿ.

ಚಕ್ರ ಕೂರಿಸಲು ಹೋದರೆ ಸುರುಳಿ ಬಿಲ್ಲೆಯ ಮೇಲಿನ ಸೆಲ್ಲೋ ಟೇಪ್ ಬಿಸಿಲಿಗೆ ಬಿಟ್ಟುಕೊಂಡು ಜೋತಾಡುತ್ತಿತ್ತು. ಬಿಲ್ಲೆ ತಿರುಗಿದೆಯೋ ಇಲ್ಲವೋ ಗೊತ್ತಿಲ್ಲ. ಹಾಗಿದ್ದಾಗ ಇರಬಹುದು ಅಂತ ಹಾಕುವ ಹಾಗಿಲ್ಲ. ಮುಂದಿನ ಚಕ್ರ ನೇರ ಇದೆ ಅಂತ ಖಾತ್ರಿ ಮಾಡಿಕೊಂಡು, ಬಿಲ್ಲೆಯನ್ನು ಮೆಲ್ಲಗೆ ಎಡಕ್ಕೆ ಕೊನೆ ಮುಟ್ಟುವ ತನಕ ತಿರುಗಿಸಿ, ಅಲ್ಲಿಂದ ಬಲಕ್ಕೆ ಸುಮಾರು ಎರಡೂವರೆ ಸುತ್ತು ತಂದು ಬಾಣದ ಗುರುತು ಕೂಡಿಸಿದೆ. ಮ್ಯಾನುವಲ್ ಹೇಳಿದ ಲೆಕ್ಕಕ್ಕೆ ಸರಿಯಾಗಿ ಬಂತು. ಬಟ್ಟೆಯ ಟೇಪ್ ಹಚ್ಚಿದ್ದರೆ ಈ ಅರ್ಧ ಗಂಟೆಯ ಬೆವರು ಉಳಿಯುತ್ತಿತ್ತು.

ತಪ್ಪು ನಂಬರ್ 5: ಏರ್‌ಬ್ಯಾಗ್ ಇನ್ನೂ ಟ್ರಂಕಿನ ಮೇಲಿರುವಾಗಲೇ, ಲೈಟ್ ಬರುತ್ತದೋ ನೋಡೋಣ ಅಂತ ಬ್ಯಾಟರಿ ಜೋಡಿಸಿ ಚಾವಿ ಆನ್ ಮಾಡಿದೆ. ಏರ್‌ಬ್ಯಾಗ್ ಎಲ್ಲಿ ಅಂತ ಕಂಪ್ಯೂಟರ್ ಹುಡುಕಿ, ಸಿಗದೆ, ಕೆಂಪು ದೀಪ ಹಚ್ಚಿತು. ಮತ್ತೆ ಬ್ಯಾಟರಿ ಬಿಚ್ಚಿ, ಕಾದು, ಏರ್‌ಬ್ಯಾಗ್ ಕೂರಿಸಿದ ಮೇಲೂ ದೀಪ ಆರಲಿಲ್ಲ. ಮುಂದಿನ ವಾರ ಆಟೋ ಎಲೆಕ್ಟ್ರಿಷಿಯನ್ ಸ್ಕ್ಯಾನರ್ ಹಚ್ಚಿ ಬೇರೆ ದೋಷ ಇಲ್ಲ ಅಂತ ನೋಡಿ ಅಳಿಸಿಕೊಟ್ಟರು, ₹400.

ಆ ಸಂಜೆ ಸ್ಟಾರ್ಟ್ ಮಾಡಿದೆ. ಎಂಜಿನ್ ತಿರುಗಿತು, ಹೊತ್ತಿತು, ಎರಡು ಸೆಕೆಂಡಿಗೆ ಸತ್ತಿತು. ಮತ್ತೆ ಅದೇ. ಮೀಟರಿನಲ್ಲಿ ಕಾರು ಮತ್ತು ಚಾವಿಯ ಚಿತ್ರದ ದೀಪ ಮಿಟಮಿಟ ಅನ್ನುತ್ತಿತ್ತು. ಹೊಸ ಚಾವಿಯ ಚಿಪ್ ಈ ಗಾಡಿಗೆ ಪರಿಚಯವೇ ಇಲ್ಲ.

ಇದಕ್ಕೆ ಎರಡು ದಾರಿ. ಆರ್‌ಸಿ, ಗುರುತಿನ ಚೀಟಿ ತಗೊಂಡು ಸರ್ವಿಸ್ ಸೆಂಟರ್‌ನಲ್ಲಿ ಹೊಸ ಚಿಪ್ ನೋಂದಾಯಿಸುವುದು. ಇಲ್ಲವೇ ಹಳೆ ಚಾವಿಯ ಚಿಪ್ ಅನ್ನು ಹೊಸ ಚಾವಿಯ ತಲೆಗೆ ಹಾಕುವುದು. ಚಾವಿ ಕಳೆದುಹೋಗಿ ಲಾಕ್ ಬದಲಿಸುವವರಿಗೆ ಮೊದಲ ದಾರಿಯೇ ಸರಿ, ಹಳೆ ಚಿಪ್ ಅನ್ನು ಗಾಡಿಯ ನೆನಪಿನಿಂದ ಅಳಿಸಲೂ ಹೇಳಬೇಕು. ಲಾಕ್ ಬದಲಿಸಿದ ಮಾತ್ರಕ್ಕೆ ಹಳೆ ಚಿಪ್ ರದ್ದಾಗಲ್ಲ. ನನ್ನ ಚಾವಿ ನನ್ನ ಹತ್ತಿರವೇ ಇತ್ತು, ಹಾಗಾಗಿ ಎರಡನೇ ದಾರಿ ಹಿಡಿದೆ.

ಕಟ್ಟೆಯ ಮೇಲೆ ಕೂತು ಹಳೆ ಚಾವಿಯ ತಲೆಯ ಜೋಡಿನಲ್ಲಿ ಬ್ಲೇಡ್ ಓಡಿಸಿದೆ. ಸ್ಕ್ರೂ ಡ್ರೈವರ್ ತುದಿ ಹಾಕಿ ತಿರುವಿದೆ. ತಲೆ ಫಟ್ ಅಂತ ತೆರೆದುಕೊಂಡಿತು, ಚಿಪ್ ಹಾರಿತು.

ಕಪ್ಪು ಬಣ್ಣ, ಸೆಂಟಿಮೀಟರ್‌ಗಿಂತ ಸ್ವಲ್ಪ ಉದ್ದ. ಪಕ್ಕದಲ್ಲೇ ಅವ್ವ ವರ್ಷದ ಹುಣಸೆ ಹಣ್ಣು ಬಡಿದು ಬೀಜ ತೆಗೆಯುತ್ತಿದ್ದಳು. ಚಾಪೆಯ ಮೇಲೆ ಎರಡು ಸೇರು ಬೀಜ. ಒಂದು ಗಂಟೆ ನಾನು ಟಾರ್ಚ್ ಹಿಡಿದು ಮಂಡಿಯೂರಿ ಹುಡುಕಿದೆ. ಬೀಜವೆಲ್ಲಾ ಚಿಪ್ ಹಾಗೆ ಕಾಣುತ್ತಿತ್ತು. ಅವ್ವ ಸುಮ್ಮನೆ ನೋಡಿ ನೋಡಿ, ಕೊನೆಗೆ ಬೀಜವನ್ನು ಮೊರಕ್ಕೆ ತುಂಬಿಕೊಂಡು ಕೇರಿದಳು. ಎರಡು ನಿಮಿಷ ಆಗಿರಲಿಕ್ಕಿಲ್ಲ.

"ಇದೇನೋ ಇದು? ಬೀಜಕ್ಕ ಮೂಲಿ ಅದಾವಲ್ಲ?"

ಅದೇ. ಹೊಸ ಚಾವಿಯ ತಲೆಯಿಂದ ಅದರ ಚಿಪ್ ತೆಗೆದು ಇದನ್ನು ಅದೇ ದಿಕ್ಕಿಗೆ ಕೂರಿಸಿ, ₹20ರ ಅಂಟು ಹಚ್ಚಿ ಮುಚ್ಚಿದೆ. ಈ ಸಲ ತಟ್ಟೆಯೊಳಗೆ ಇಟ್ಟುಕೊಂಡು. ಎಂಜಿನ್ ಹೊತ್ತಿತು, ನಿಲ್ಲಲಿಲ್ಲ. ನಿಂತಲ್ಲೇ ಚಕ್ರವನ್ನು ಎರಡೂ ಕೊನೆ ತನಕ ಮೂರು ಸಲ ತಿರುಗಿಸಿದೆ, ಹಾರ್ನ್ ಒತ್ತಿದೆ. ಆಮೇಲೆ ಎರಡನೇ ರೈಲ್ವೆ ಗೇಟ್ ತನಕ ಹೋಗಿ ಬಂದೆ.

ಏಪ್ರಿಲ್ 24, ಗುರುವಾರ

ಎರಡನೇ ಚಾವಿ ವಿಜಯಪುರದಲ್ಲಿ ತಂಗಿ ಮನೆಯಲ್ಲಿತ್ತು, ಹಬ್ಬಕ್ಕೆ ಗಾಡಿ ಒಯ್ದಾಗ ಅಲ್ಲೇ ಉಳಿದಿತ್ತು. ಅದರ ಚಿಪ್ ಕೂಡ ದಾಟಿಸಬೇಕಲ್ಲ. ಗಾಡಿ ಕಳುವಾಗಿ ವಿಮೆ ಕೇಳಿದರೆ ಎರಡೂ ಚಾವಿ ತೋರಿಸು ಅನ್ನುತ್ತಾರೆ. ಬಸ್ಸಿನಲ್ಲಿ ಕಳಿಸಿದಳು, ₹50.

ಸುಮ್ನೆ ಇರಲಾರದೆ ಆ ಚಾವಿಯನ್ನು ಬಿಚ್ಚಿಟ್ಟಿದ್ದ ಹಳೆ ಲಾಕಿಗೆ ಹಾಕಿ ತಿರುಗಿಸಿದೆ. ತಿರುಗಿತು. ಇನ್ನೊಮ್ಮೆ ತಿರುಗಿತು. ಎದೆ ಧಸಕ್ ಅಂದಿತು. ಕೂತು ಹತ್ತು ಸಲ ಎಣಿಸಿದೆ: ಏಳು ಸಲ ತಿರುಗಿತು, ಮೂರು ಸಲ ಸಿಕ್ಕಿಕೊಂಡಿತು. ನಾನು ದಿನಾ ಬಳಸುತ್ತಿದ್ದ ಚಾವಿಯಲ್ಲಿ ಹತ್ತಕ್ಕೆ ಒಂದು. ಎರಡನ್ನೂ ಪಕ್ಕಪಕ್ಕ ಹಿಡಿದು ನೋಡಿದರೆ ನನ್ನ ಚಾವಿಯ ಹಲ್ಲು ಸವೆದು ದುಂಡಗಾಗಿದ್ದು ಬರಿಗಣ್ಣಿಗೇ ಕಾಣುತ್ತದೆ. ಲಾಕ್ ಕೆಟ್ಟಿತ್ತು ನಿಜ. ಆದರೆ ಏಪ್ರಿಲ್ 6ಕ್ಕೇ ತಂಗಿಗೆ ಫೋನ್ ಮಾಡಿದ್ದರೆ ₹50ರಲ್ಲಿ ಇದು ಗೊತ್ತಾಗಿ, ಲಾಕ್ ತೊಳೆದು ಗ್ರಾಫೈಟ್ ಹಾಕಿ ನೋಡಿ, ಮಳೆಗಾಲ ಮುಗಿಯುವ ತನಕ ತಳ್ಳಬಹುದಿತ್ತೇನೋ. ತಪ್ಪು ನಂಬರ್ 6, ಎಲ್ಲಕ್ಕಿಂತ ದೊಡ್ಡದು.

ಖರ್ಚು: ಲಾಕ್ 2,350, ಬೋಲ್ಟ್ 120, ಟಾರ್ಕ್ಸ್ ಸೆಟ್ 380, ಪಂಚ್ 90, ಮುರಿದ ಎರಡು ಬಿಟ್ 80, ಕಾಕಾ 200, ಸ್ಕ್ಯಾನರ್ 400, ಬಸ್ 50, ಅಂಟು 20. ಒಟ್ಟು ₹3,690.

ಬಾಕಿ ಇರುವುದು: ಕಾಯಿಲಿನ ಮುರಿದ ಕಿವಿ. ಮತ್ತೆ ಡೋರ್‌ಗೆ ಹಳೆ ಚಾವಿ, ಸ್ಟಿಯರಿಂಗ್‌ಗೆ ಹೊಸ ಚಾವಿ, ಎರಡೂ ಒಂದೇ ಗೊಂಚಲಿನಲ್ಲಿ. ಹೊಸದಕ್ಕೆ ಅವ್ವ ಕೆಂಪು ದಾರ ಕಟ್ಟಿದ್ದಾಳೆ. ನಾನು ಇನ್ನೂ ದಿನಕ್ಕೆ ಎರಡು ಸಲ ತಪ್ಪು ಚಾವಿ ಹಾಕುತ್ತೇನೆ.